ಖಾಲಿ ಕುರ್ಚಿಯ ಸುತ್ತ: ಡಾಕ್ಟರ್ ಹೂ ವಾರ್ಷಿಕೋತ್ಸವದ ಕಂತುಗಳನ್ನು ನೋಡುವ ಬಗೆ

ಎಲ್ಲರಿಗೂ ನಮಸ್ಕಾರ.

ಡಾಕ್ಟರ್ ಹೂ ಅಭಿಮಾನಿಗಳು ನಾಲ್ಕು ಜನ ಸೇರಿದರೆ ವಾರ್ಷಿಕೋತ್ಸವದ ಕಂತುಗಳ ಮಾತು ಬಂದೇ ಬರುತ್ತದೆ. ಬಂದಾಗಲೆಲ್ಲ ಮೊದಲು ಕೇಳುವುದು, ಯಾವ ಕಂತಿನಲ್ಲಿ ಯಾವ ಯಾವ ಡಾಕ್ಟರ್ ಬಂದಿದ್ದರು ಅಂತ. ಇವತ್ತು ನಾನು ಬಾರದವರ ಲೆಕ್ಕ ಹಿಡಿದು ಮಾತಾಡುತ್ತೇನೆ. ಈ ಧಾರಾವಾಹಿಯ ಹಬ್ಬದ ಕಂತುಗಳಿಗೆ ಆಕಾರ ಬಂದಿರುವುದು ಬಹುಪಾಲು ಬಾರದ ನಟರಿಂದ. ಆ ಗೈರುಹಾಜರಿಯನ್ನು ಕಥೆಯೊಳಗೇ ಅರಗಿಸಿಕೊಂಡ ಕಂತುಗಳು ಇವತ್ತಿಗೂ ಕೂತು ನೋಡುವ ಹಾಗಿವೆ. ಬಂದವರ ತಲೆ ಎಣಿಸುವುದಕ್ಕೇ ಸಮಯ ಕೊಟ್ಟದ್ದು ಬರೀ ನೆನಪಾಗಿ ಉಳಿದಿದೆ.

ಹೊಸಬರಿಗಾಗಿ ಎರಡು ಮಾತು. ಡಾಕ್ಟರ್ ಹೂ ಬ್ರಿಟನ್ನಿನ ವೈಜ್ಞಾನಿಕ ಕಲ್ಪನೆಯ ಟಿವಿ ಧಾರಾವಾಹಿ. ಟೈಮ್ ಲಾರ್ಡ್ ಎಂಬ ಅನ್ಯಗ್ರಹದ ಕುಲದ ಡಾಕ್ಟರ್, ಟಾರ್ಡಿಸ್ ಎಂಬ ಕಾಲಯಂತ್ರದಲ್ಲಿ ಸಂಗಾತಿಗಳೊಡನೆ ಸುತ್ತುತ್ತಾನೆ. 1963ರ ನವೆಂಬರ್ 23, ಶನಿವಾರ ಸಂಜೆ, ಬಿಬಿಸಿಯಲ್ಲಿ ಮೊದಲ ಕಂತು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಮೊದಲ ಕಥೆಯ ನಿರ್ದೇಶಕ ಲಖನೌನಲ್ಲಿ ಹುಟ್ಟಿದ ವಾರಿಸ್ ಹುಸೇನ್, ಡಾಕ್ಟರ್ ಪಾತ್ರದಲ್ಲಿ ವಿಲಿಯಂ ಹಾರ್ಟ್ನೆಲ್. 1989ರವರೆಗೆ ನಡೆದು ನಿಂತಿತು, 1996ರಲ್ಲಿ ಒಂದು ಟಿವಿ ಚಿತ್ರ ಬಂತು, 2005ರಲ್ಲಿ ಮತ್ತೆ ಶುರುವಾಯಿತು. ಹಾರ್ಟ್ನೆಲ್ ಆರೋಗ್ಯ ಕೆಟ್ಟು ಪಾತ್ರ ಬಿಡಬೇಕಾಗಿ ಬಂದಾಗ, 1966ರ ಅಕ್ಟೋಬರ್ 29ರ ಕಂತಿನ ಕೊನೆಯಲ್ಲಿ ಡಾಕ್ಟರ್ ನೆಲಕ್ಕೆ ಬಿದ್ದು, ಮೈಯೇ ಬದಲಾಗಿ, ಪ್ಯಾಟ್ರಿಕ್ ಟ್ರೌಟನ್ ಆಗಿ ಎದ್ದ. ಅದೇ ಆಮೇಲೆ 'ರೀಜನರೇಷನ್' ಅನ್ನಿಸಿಕೊಂಡದ್ದು. ಒಬ್ಬ ನಟ ಇನ್ನು ಮುಂದೆ ಬರಲಾರ ಎಂಬ ಕಷ್ಟಕ್ಕೆ ಹುಡುಕಿದ ಉಪಾಯದ ಮೇಲೆ ಇಡೀ ಧಾರಾವಾಹಿ ನಿಂತಿದೆ. ಅದಕ್ಕೇ ಗೈರುಹಾಜರಿ ಇದಕ್ಕೆ ಒಗ್ಗಿದ ವಿಷಯ ಅನ್ನುತ್ತೇನೆ.

ಮೊದಲನೆಯದು, ಹತ್ತನೇ ವರ್ಷದ್ದು: 'ದಿ ತ್ರೀ ಡಾಕ್ಟರ್ಸ್'. 1972ರ ಡಿಸೆಂಬರ್ 30ರಂದು ಶುರುವಾಗಿ 1973ರ ಜನವರಿಗೆ ಮುಗಿದ ನಾಲ್ಕು ಕಂತು. ಬರೆದವರು ಬಾಬ್ ಬೇಕರ್ ಮತ್ತು ಡೇವ್ ಮಾರ್ಟಿನ್. ಮೂವರು ಡಾಕ್ಟರ್‌ಗಳು (ಹಾರ್ಟ್ನೆಲ್, ಟ್ರೌಟನ್, ಆಗಿನ ಡಾಕ್ಟರ್ ಜಾನ್ ಪರ್ಟ್ವೀ) ಒಟ್ಟಿಗೆ ಓಡಾಡುವ ಕಥೆ ಎಂದು ಯೋಚನೆ. ಆದರೆ ಹಾರ್ಟ್ನೆಲ್‌ಗೆ ರಕ್ತನಾಳಗಳು ಪೆಡಸಾಗುವ ಕಾಯಿಲೆ ಹೆಚ್ಚಾಗಿತ್ತು. ನೆನಪು ನಿಲ್ಲುತ್ತಿರಲಿಲ್ಲ, ಹೆಚ್ಚು ಹೊತ್ತು ನಿಲ್ಲಲೂ ಆಗುತ್ತಿರಲಿಲ್ಲ. ಕಥೆಯನ್ನು ತಿದ್ದಬೇಕಾಯಿತು. ಅವರನ್ನು ಕೂರಿಸಿ, ಮಾತುಗಳನ್ನು ದೊಡ್ಡ ಹಲಗೆಗಳ ಮೇಲೆ ಬರೆದು ಎದುರಿಗೆ ಹಿಡಿದು, ಬೇರೆಯಾಗಿ ಚಿತ್ರೀಕರಿಸಿಕೊಂಡರು. ಪರದೆಯ ಮೇಲೆ ಅವರು ಕಾಣುವುದು ಬಹುಪಾಲು ಟಾರ್ಡಿಸ್‌ನ ಸ್ಕ್ಯಾನರ್ ತೆರೆಯೊಳಗೆ.

ಇದನ್ನು ಕಥೆ ಹೇಗೆ ಒಪ್ಪಿಸುತ್ತದೆ ನೋಡಿ. ಟೈಮ್ ಲಾರ್ಡ್‌ಗಳ ಶಕ್ತಿಯನ್ನು ಒಮೆಗಾ ಎಂಬವನು ಹೀರುತ್ತಿದ್ದಾನೆ. ಉಳಿದ ಶಕ್ತಿಯಲ್ಲಿ ಮೊದಲ ಡಾಕ್ಟರ್‌ನನ್ನು ಪೂರ್ತಿ ಕರೆತರಲು ಆಗುವುದಿಲ್ಲ, ಆತ ಕಾಲದ ಸುಳಿಯೊಂದರಲ್ಲಿ ಅರ್ಧ ದಾರಿಗೇ ಸಿಕ್ಕಿಬೀಳುತ್ತಾನೆ. ಖಳನ ಬಲ ಎಷ್ಟು ಎಂಬುದಕ್ಕೆ ಹಾರ್ಟ್ನೆಲ್ ಕೂತಿರುವುದೇ ಪುರಾವೆಯಾಗುತ್ತದೆ. ನಟನ ನಿಶ್ಶಕ್ತಿಯನ್ನು ಮರೆಮಾಚಲಿಲ್ಲ, ಅದಕ್ಕೆ ಕಥೆಯಲ್ಲೇ ಒಂದು ಕಾರಣ ಕೊಟ್ಟರು. ಕೂತಲ್ಲಿಂದಲೇ ಅವರು ಜಗಳವಾಡುವ ಇಬ್ಬರು ಕಿರಿಯರನ್ನು ಗದರಿಸಿ ದಾರಿಗೆ ತರುವುದರಿಂದ ಹಿರಿತನದ ತೂಕವೂ ಉಳಿಯುತ್ತದೆ. ಅದೇ ಅವರ ಕೊನೆಯ ಪಾತ್ರ. 1975ರಲ್ಲಿ ತೀರಿಕೊಂಡರು.

ಇದೇ ಕಥೆಯಲ್ಲಿ ಇನ್ನೊಂದನ್ನು ಗಮನಿಸಿ: ಟ್ರೌಟನ್ ಅವರ ಕೊಳಲು. ಮೊದಲಲ್ಲೇ ಅದು ಕಳೆದುಹೋಗುತ್ತದೆ, ನಾವೂ ಮರೆಯುತ್ತೇವೆ. ಕೊನೆಗೆ ನೋಡಿದರೆ ಅದು ಟಾರ್ಡಿಸ್‌ನ ರಕ್ಷಾಕವಚದ ಯಂತ್ರದೊಳಗೆ ಬಿದ್ದಿದೆ. ಒಮೆಗಾನ ಲೋಕಕ್ಕೆ ಬಂದ ಉಳಿದೆಲ್ಲ ವಸ್ತುವೂ ಪ್ರತಿದ್ರವ್ಯದ ಲೋಕಕ್ಕೆ ತಕ್ಕಂತೆ ಬದಲಾಗಿದ್ದರೆ, ಕೊಳಲೊಂದು ಬದಲಾಗದೆ ಉಳಿದಿರುತ್ತದೆ. ಆ ಒಂದು ಕೊಳಲಿನಿಂದಲೇ ಆ ಲೋಕ ಸ್ಫೋಟವಾಗುತ್ತದೆ. ಹಬ್ಬದ ಕಂತಿನಲ್ಲಿ ಹಳೆಯ ನಟನ ಗುರುತಿನ ವಸ್ತುವನ್ನು ಸುಮ್ಮನೆ ಕೈಗೆ ಕೊಟ್ಟು ತೋರಿಸುವುದು ಸುಲಭ. ಅದನ್ನೇ ಕಥೆಯ ಕೀಲಿಯಾಗಿ ಮಾಡಲು ಕೆಲಸ ಬೇಕು.

ಇಪ್ಪತ್ತನೇ ವರ್ಷದ್ದು 'ದಿ ಫೈವ್ ಡಾಕ್ಟರ್ಸ್', 90 ನಿಮಿಷ. ಇಲ್ಲಿ ಕಷ್ಟ ಇಮ್ಮಡಿಯಾಗಿತ್ತು. ಹಾರ್ಟ್ನೆಲ್ ಇರಲಿಲ್ಲ. ಅತಿ ಹೆಚ್ಚು ಕಾಲ ಡಾಕ್ಟರ್ ಆಗಿದ್ದ ಟಾಮ್ ಬೇಕರ್ ಬರಲು ಒಪ್ಪಲಿಲ್ಲ. ಮೊದಲು ಬರೆಯಲು ಕೂತವರು ರಾಬರ್ಟ್ ಹೋಮ್ಸ್. ಇಷ್ಟು ಡಾಕ್ಟರ್‌ಗಳು, ಇಷ್ಟು ಸಂಗಾತಿಗಳು, ಇಷ್ಟು ಹಳೆಯ ಶತ್ರುಗಳು ಇರಲೇಬೇಕು ಎಂಬ ಪಟ್ಟಿಯೊಳಗೆ ಅವರಿಗೆ ಕಥೆ ಕೂರಲಿಲ್ಲ, ಕೈಬಿಟ್ಟರು. ಆಮೇಲೆ ಟೆರೆನ್ಸ್ ಡಿಕ್ಸ್ ಬರೆದರು.

ಡಿಕ್ಸ್ ಮಾಡಿದ್ದು ಗಟ್ಟಿ ಬಡಗಿಯ ಕೆಲಸ. ನಡುವೆ ಒಂದು ಕತ್ತಲ ಗೋಪುರ, ಅದರೊಳಗೆ ಟೈಮ್ ಲಾರ್ಡ್‌ಗಳ ಮೂಲಪುರುಷ ರಸಿಲಾನ್‌ನ ಸಮಾಧಿ. ಒಳಹೋಗಲು ಮೂರು ದಾರಿ. ಮೊದಲ ಡಾಕ್ಟರ್‌ಗೆ ಎದುರಿನ ಬಾಗಿಲು, ಎರಡನೆಯವನಿಗೆ ಹಳೆಯ ಗೆಳೆಯ ಬ್ರಿಗೇಡಿಯರ್ ಜೊತೆ ಕೆಳಗಿನ ಗವಿ, ಮೂರನೆಯವನಿಗೆ ಸಂಗಾತಿ ಸೇರಾ ಜೇನ್ ಜೊತೆ ಮೇಲಿಂದ ಹಗ್ಗ. ಆಗಿನ ಡಾಕ್ಟರ್ ಪೀಟರ್ ಡೇವಿಸನ್‌ಗೆ ಟೈಮ್ ಲಾರ್ಡ್‌ಗಳ ರಾಜಧಾನಿಯಲ್ಲಿ ಪತ್ತೇದಾರಿ. ಹೀಗೆ ಒಬ್ಬೊಬ್ಬನಿಗೂ ತನ್ನದೇ ದೃಶ್ಯಗಳು ಸಿಗುತ್ತವೆ, ಒಬ್ಬರ ಮಾತನ್ನು ಇನ್ನೊಬ್ಬರು ನುಂಗುವುದಿಲ್ಲ, ಎಲ್ಲರೂ ಸೇರುವುದು ಕೊನೆಗೆ ಮಾತ್ರ. ತುಂಬ ಪಾತ್ರಗಳಿರುವ ಕಥೆ ಬರೆಯುವ ಯಾರೇ ಆದರೂ ಈ ಮೂರು ದಾರಿಗಳ ನಕ್ಷೆಯನ್ನು ಕಾಗದದ ಮೇಲೆ ಬರೆದು ನೋಡಬೇಕು.

ಟಾಮ್ ಬೇಕರ್ ಜಾಗವನ್ನು ಏನು ಮಾಡಿದರು? 1979ರಲ್ಲಿ ಮುಷ್ಕರದಿಂದ ಅರ್ಧಕ್ಕೇ ನಿಂತ 'ಶಾಡಾ' ಎಂಬ ಕಥೆಯ ಚಿತ್ರೀಕರಣ ಬಿಬಿಸಿ ಬಳಿ ಉಳಿದಿತ್ತು. ಕೇಂಬ್ರಿಜ್‌ನ ನದಿಯಲ್ಲಿ ಡಾಕ್ಟರ್ ಮತ್ತು ಸಂಗಾತಿ ರೊಮಾನಾ ದೋಣಿಯಲ್ಲಿ ಹೋಗುವ ತುಣುಕನ್ನು ತೆಗೆದು, ಅವರನ್ನು ಎತ್ತಿ ತರುವಾಗ ಕಾಲದ ಹರಿವಿನಲ್ಲಿ ಸಿಕ್ಕಿಬಿದ್ದರು ಎಂದು ತೋರಿಸಿದರು. 1972ರ ಉಪಾಯವೇ, ಆದರೆ ಇಲ್ಲಿ ಪೂರ್ತಿ ಫಲಿಸಲಿಲ್ಲ ಎಂದು ನನ್ನ ಅಭಿಪ್ರಾಯ. ಹಾರ್ಟ್ನೆಲ್ ಸಿಕ್ಕಿಬಿದ್ದದ್ದರಿಂದ ಖಳನ ಬಲ ತಿಳಿಯುತ್ತಿತ್ತು. ಬೇಕರ್ ಸಿಕ್ಕಿಬಿದ್ದದ್ದರಿಂದ ಕಥೆಗೆ ಹೆಚ್ಚೇನೂ ಆಗುವುದಿಲ್ಲ. ಮೊದಲ ಡಾಕ್ಟರ್ ಆಗಿ ರಿಚರ್ಡ್ ಹರ್ನ್ಡಾಲ್ ನಟಿಸಿದರು. ಶೀರ್ಷಿಕೆಗೂ ಮುಂಚೆ ಡಾಕ್ಟರ್‌ನ ಹಳೆಯ ಶತ್ರುಗಳಾದ ಡಾಲೆಕ್‌ಗಳ 1964ರ ಕಥೆಯಿಂದ ನಿಜವಾದ ಹಾರ್ಟ್ನೆಲ್ ಮಾತಾಡುವ ತುಣುಕೊಂದನ್ನು ಇಟ್ಟಿದ್ದಾರೆ. ಅದು ತಕ್ಕ ಗೌರವ. ಆ ತುಣುಕು ನೋಡಿದ ಮೇಲೆ ಹರ್ನ್ಡಾಲ್ ಅವರನ್ನು ನಕಲು ಅನ್ನದೆ ಉತ್ತರಾಧಿಕಾರಿ ಎಂದು ಒಪ್ಪಲು ಸುಲಭವಾಗುತ್ತದೆ.

ಚರ್ಚೆ ಏರ್ಪಡಿಸುವವರಿಗೆ ಇಲ್ಲೊಂದು ಎಚ್ಚರಿಕೆ. ಈ ಕಂತಿಗೆ ಎರಡು ರೂಪಗಳಿವೆ: 1983ರಲ್ಲಿ ಪ್ರಸಾರವಾದದ್ದು, 1995ರಲ್ಲಿ ಮರುಸಂಕಲನ ಮಾಡಿ ದೃಶ್ಯ ಮತ್ತು ಎಫೆಕ್ಟ್ ಬದಲಿಸಿದ್ದು. ಅರ್ಧ ಜನ ಒಂದನ್ನು, ಅರ್ಧ ಜನ ಇನ್ನೊಂದನ್ನು ನೋಡಿ ಬಂದರೆ, ಆ ದೃಶ್ಯ ಇತ್ತು, ಇರಲಿಲ್ಲ ಎಂಬಲ್ಲಿಗೇ ಸಂಜೆ ಮುಗಿಯುತ್ತದೆ. ಯಾವ ರೂಪ ಎಂದು ಮೊದಲೇ ತಿಳಿಸಿ. ನನ್ನನ್ನು ಕೇಳಿದರೆ 1983ರದ್ದೇ ಇರಲಿ, ಅದರ ಓಟ ಬಿಗಿಯಾಗಿದೆ.

ದಿನಾಂಕದ ವಿಷಯದಲ್ಲೂ ಒಂದು ಎಡವಟ್ಟಾಗಿತ್ತು. ಅಮೆರಿಕದ ಕೆಲವು ಕೇಂದ್ರಗಳಲ್ಲಿ ಇದು ನವೆಂಬರ್ 23ಕ್ಕೇ ಬಂತು. ಬ್ರಿಟನ್‌ನಲ್ಲಿ ಬಂದದ್ದು 25ಕ್ಕೆ, ಚಿಲ್ಡ್ರನ್ ಇನ್ ನೀಡ್ ಧನಸಂಗ್ರಹದ ರಾತ್ರಿ. ತವರಿನ ಅಭಿಮಾನಿಗಳಿಗಿಂತ ಎರಡು ದಿನ ಮುಂಚೆ ಸಮುದ್ರದಾಚೆಯವರಿಗೆ ಕಥೆ ಗೊತ್ತಾಯಿತು. ಇದನ್ನು ನೆನಪಿಟ್ಟುಕೊಳ್ಳಿ, 2013ಕ್ಕೆ ಬೇಕಾಗುತ್ತದೆ.

25ನೇ ವರ್ಷಕ್ಕೆ 1988ರ ನವೆಂಬರ್ 23ರಂದು 'ಸಿಲ್ವರ್ ನೆಮಿಸಿಸ್' ಶುರುವಾಯಿತು. ಆದರೆ ಆ ವರ್ಷದ ನಿಜವಾದ ಹಬ್ಬ ಅದಕ್ಕೂ ಮುಂಚೆ ಅಕ್ಟೋಬರ್‌ನಲ್ಲಿ ಬಂದ 'ರಿಮೆಂಬರೆನ್ಸ್ ಆಫ್ ದಿ ಡಾಲೆಕ್ಸ್'. ಹಳೆಯ ಡಾಕ್ಟರ್‌ಗಳು ಯಾರೂ ಇಲ್ಲದೆ, 1963ರ ಮೊದಲ ಕಂತಿನ ಅದೇ ಕೋಲ್ ಹಿಲ್ ಶಾಲೆಗೆ, ಅದೇ ಟಾಟರ್ಸ್ ಲೇನ್‌ಗೆ ಮರಳಿ ಹೋಗಿ ಅದು ವಾರ್ಷಿಕೋತ್ಸವದ ಕೆಲಸವನ್ನು ಮುಗಿಸಿಬಿಡುತ್ತದೆ.

ಮೂವತ್ತನೇ ವರ್ಷದ 'ಡೈಮೆನ್ಷನ್ಸ್ ಇನ್ ಟೈಮ್' ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. 1993ರ ನವೆಂಬರ್ 26 ಮತ್ತು 27ರಂದು ಎರಡು ಪುಟ್ಟ ಭಾಗಗಳಾಗಿ ಚಿಲ್ಡ್ರನ್ ಇನ್ ನೀಡ್‌ಗಾಗಿ ಬಂದದ್ದು. 'ಈಸ್ಟ್‌ಎಂಡರ್ಸ್' ಧಾರಾವಾಹಿಯ ಪಾತ್ರಗಳೂ ಇದ್ದವು. ಎರಡೂ ಭಾಗ ಸೇರಿದರೆ ಕಾಲು ಗಂಟೆಯೂ ಇಲ್ಲ. ಬದುಕಿದ್ದ ಐವರು ಡಾಕ್ಟರ್‌ಗಳೂ ಬಂದಿದ್ದರು, ಟಾಮ್ ಬೇಕರ್ ಕೂಡ. ಅಷ್ಟಾದರೂ ಏಕೆ ಸೋತಿತು? ಉತ್ತರ ಬಹುಪಾಲು ಕ್ಯಾಮೆರಾದಲ್ಲಿದೆ.

ಅದನ್ನು ತ್ರೀಡಿಯಲ್ಲಿ ತೋರಿಸಲು ಪುಲ್ಫ್ರಿಕ್ ಪರಿಣಾಮ ಎಂಬುದನ್ನು ಬಳಸಿದರು. ಒಂದು ಕಣ್ಣಿಗೆ ಕಪ್ಪು ಗಾಜು, ಇನ್ನೊಂದಕ್ಕೆ ತಿಳಿ. ಕತ್ತಲಾದ ಕಣ್ಣಿನ ಸಂಕೇತ ಮಿದುಳಿಗೆ ಒಂದಿಷ್ಟು ತಡವಾಗಿ ತಲುಪುತ್ತದೆ. ವಸ್ತುವೊಂದು ಅಡ್ಡಡ್ಡ ಚಲಿಸುತ್ತಿದ್ದರೆ ಒಂದು ಕಣ್ಣಿಗೆ ಅದು ಈಗಿರುವ ಜಾಗದಲ್ಲೂ ಇನ್ನೊಂದಕ್ಕೆ ಚೂರು ಹಿಂದಿನ ಜಾಗದಲ್ಲೂ ಕಾಣುತ್ತದೆ. ಆ ವ್ಯತ್ಯಾಸವನ್ನೇ ಮಿದುಳು ಆಳ ಎಂದು ಓದುತ್ತದೆ. ಇದರಲ್ಲಿ ಲಾಭ ಏನೆಂದರೆ, ಕನ್ನಡಕ ಇಲ್ಲದವರಿಗೂ ಚಿತ್ರ ಮಸುಕಾಗದೆ ಮಾಮೂಲಾಗೇ ಕಾಣುತ್ತದೆ, ಮನೆಯ ಟಿವಿಯೇ ಸಾಕು. ನಷ್ಟ ಏನೆಂದರೆ, ಚಲನೆ ನಿಂತ ಕ್ಷಣ ಆಳ ಮಾಯ. ಮೇಲೆ ಕೆಳಗೆ ಚಲಿಸಿದರೂ ಪ್ರಯೋಜನವಿಲ್ಲ, ಅಡ್ಡವೇ ಆಗಬೇಕು. ದಿಕ್ಕು ತಿರುಗಿಸಿದರೆ ಮುಂದಿನದು ಹಿಂದೆ, ಹಿಂದಿನದು ಮುಂದೆ.

ಹಾಗಾಗಿ ಕ್ಯಾಮೆರಾ ಸುತ್ತುತ್ತಲೇ ಇರಬೇಕು. ಸುತ್ತುವ ಕ್ಯಾಮೆರಾದೆದುರು ಒಬ್ಬ ನಟ ನಿಂತು, ಇನ್ನೊಬ್ಬನ ಮುಖ ನೋಡಿ, ಒಂದು ಮಾತಾಡಿ, ಸುಮ್ಮನಿರಲು ಸಾಧ್ಯವಿಲ್ಲ. ಹಳೆಯ ಗೆಳೆಯರು ಭೇಟಿಯಾಗುವ ಕಥೆಗೆ ಬೇಕಾದದ್ದು ಆ ಸುಮ್ಮನಿರುವ ಗಳಿಗೆಯೇ. ಅದರ ಮೇಲೆ ನಿಮಿಷಕ್ಕೊಮ್ಮೆ ಡಾಕ್ಟರ್ ಬದಲಾಗುತ್ತಾನೆ, ಸಂಗಾತಿ ಬದಲಾಗುತ್ತಾಳೆ. ಯಾರು ಯಾರನ್ನು ಕಂಡರೂ ಕಾಣದಂತೆಯೇ. ಒಳ್ಳೆಯ ಉದ್ದೇಶಕ್ಕೆ ಹಣ ಕೂಡಿಸಿದ ಕಾರ್ಯಕ್ರಮ ಅದು, ಆ ಮಟ್ಟಿಗೆ ಅದಕ್ಕೆ ಗೌರವ ಸಲ್ಲಬೇಕು. ಕಥೆಯಾಗಿ ಮಾತ್ರ ಎಲ್ಲರೂ ಬಂದರೂ ಯಾರೂ ಸಿಗಲಿಲ್ಲ.

ಈಗ 2013ಕ್ಕೆ ಬರೋಣ. 'ದಿ ಡೇ ಆಫ್ ದಿ ಡಾಕ್ಟರ್', ಸುಮಾರು 77 ನಿಮಿಷ, ಬರೆದವರು ಸ್ಟೀವನ್ ಮೊಫಟ್, ನಿರ್ದೇಶನ ನಿಕ್ ಹರನ್. ನವೆಂಬರ್ 23ರಂದು ಬ್ರಿಟನ್‌ನಲ್ಲಿ ಸಂಜೆ 7:50ಕ್ಕೆ ಶುರುವಾದಾಗ, ಅದೇ ಕ್ಷಣಕ್ಕೆ ಒಟ್ಟು 94 ದೇಶಗಳಲ್ಲಿ ಪ್ರಸಾರವಾಯಿತು. ಟಿವಿ ನಾಟಕವೊಂದರ ಅತಿ ದೊಡ್ಡ ಏಕಕಾಲದ ಪ್ರಸಾರ ಎಂದು ಗಿನ್ನೆಸ್ ದಾಖಲೆಯಾಯಿತು. ಬ್ರಿಟನ್ನಿನಲ್ಲಿ ಒಂದು ಕೋಟಿ 28 ಲಕ್ಷ ಜನ ನೋಡಿದರು. 1983ರಲ್ಲಿ ಎರಡು ದಿನ ಮುಂಚೆ ಹೊರಗೆ ಬಿದ್ದ ಗುಟ್ಟು ಈ ಸಲ ಬೀಳಲಿಲ್ಲ.

ಗೈರುಹಾಜರಿ ಇಲ್ಲೂ ಇತ್ತು. ಕಾಲಯುದ್ಧದಲ್ಲಿ ಸ್ವಂತ ಗ್ರಹ ಗ್ಯಾಲಿಫ್ರೇಯನ್ನು ಸುಟ್ಟ ಡಾಕ್ಟರ್‌ನ ಕಥೆ ಹೇಳಬೇಕು. ಆ ಅಪರಾಧಭಾವ ಹೊತ್ತು 2005ರಲ್ಲಿ ಬಂದವರು ಕ್ರಿಸ್ಟೊಫರ್ ಎಕ್ಲ್‌ಸ್ಟನ್. ಅವರು ಮೊಫಟ್ ಅವರೊಂದಿಗೆ ಮಾತಾಡಿ, ಬರುವುದಿಲ್ಲ ಎಂದರು. ಆ ಖಾಲಿ ಕುರ್ಚಿಯಲ್ಲಿ ಹುಟ್ಟಿದ್ದು ಜಾನ್ ಹರ್ಟ್ ಅವರ ಯುದ್ಧದ ಡಾಕ್ಟರ್: ತಾನು ಮಾಡಿದ ಕೆಲಸಕ್ಕೆ ಆ ಹೆಸರು ಸಲ್ಲದು ಎಂದು ಹೆಸರನ್ನೇ ಕೈಬಿಟ್ಟವನು, ಮುಂದಿನವರು ಎಣಿಕೆಯಿಂದಲೇ ಅಳಿಸಿದವನು. ನಟ ಬಾರದ ಕಾರಣಕ್ಕೆ, 'ಡಾಕ್ಟರ್ ತನ್ನ ಒಂದು ಜನ್ಮವನ್ನೇ ಬಚ್ಚಿಟ್ಟಿದ್ದ' ಎಂಬ ಆಳವಾದ ಕಥೆ ಸಿಕ್ಕಿತು. ಎಕ್ಲ್‌ಸ್ಟನ್ ಒಪ್ಪಿದ್ದರೆ ಬೇರೆ ಒಳ್ಳೆಯ ಕಂತು ಬರುತ್ತಿತ್ತೇನೋ, ಇದು ಬರುತ್ತಿರಲಿಲ್ಲ. ಕೊನೆಗೆ ಹರ್ಟ್ ಮೈ ಬದಲಿಸುವಾಗ, ಈ ಸಲ ಕಿವಿಗಳು ಅಷ್ಟು ಎದ್ದು ಕಾಣದಿರಲಿ ಎಂದು ಹಾರೈಸುತ್ತಾರೆ. ಮುಂದಿನ ಮುಖ ಪೂರ್ತಿ ಮೂಡುವ ಮುನ್ನವೇ ದೃಶ್ಯ ಕತ್ತರಿಸುತ್ತದೆ. ಬಾರದವರನ್ನೂ ಪ್ರೀತಿಯಿಂದ ಸೇರಿಸಿಕೊಳ್ಳುವ ಬಗೆ ಇದು.

ಈ ಕಂತಿನ ಜೋಡಣೆಯನ್ನು ಹತ್ತಿರದಿಂದ ನೋಡಬೇಕಾದರೆ ಲಂಡನ್ ಟವರ್‌ನ ಸೆರೆಕೋಣೆಯ ದೃಶ್ಯ ಹಾಕಿ. ಹರ್ಟ್, ಡೇವಿಡ್ ಟೆನೆಂಟ್, ಮ್ಯಾಟ್ ಸ್ಮಿತ್, ಮೂವರು ಡಾಕ್ಟರ್‌ಗಳೂ ಒಳಗಿದ್ದಾರೆ. ಬಾಗಿಲು ಮರದ್ದು, ಬೀಗ ತೆರೆಯಲು ಡಾಕ್ಟರ್ ಬಳಸುವ ಸೋನಿಕ್ ಸ್ಕ್ರೂಡ್ರೈವರ್ ಮರದ ಮೇಲೆ ನಡೆಯುವುದಿಲ್ಲ. ಬಾಗಿಲಿನ ಕಣಕಣವನ್ನೂ ಅಳೆದು ಪುಡಿಮಾಡುವ ಲೆಕ್ಕ ಹಾಕಬಹುದು, ಆದರೆ ಅದಕ್ಕೆ ಶತಮಾನಗಳೇ ಬೇಕು. ಆಗ ಹೊಳೆಯುತ್ತದೆ: ಮೂವರ ಕೈಯಲ್ಲಿರುವ ಸ್ಕ್ರೂಡ್ರೈವರ್‌ಗಳ ಕವಚ ಬೇರೆ, ಒಳಗಿನ ಸಾಫ್ಟ್‌ವೇರ್ ಒಂದೇ. ಹಿರಿಯವನು ಈಗ ಲೆಕ್ಕ ಶುರುಮಾಡಿದರೆ, ನಾನೂರು ವರ್ಷಗಳ ನಂತರದವನ ಕೈಯಲ್ಲಿ ಅದು ಮುಗಿದಿರುತ್ತದೆ. ಮುಗಿದೇ ಇದೆ. ಅಷ್ಟರಲ್ಲಿ ಸ್ಮಿತ್‌ನ ಸಂಗಾತಿ ಕ್ಲಾರಾ ಬಾಗಿಲು ತಳ್ಳಿಕೊಂಡು ಒಳಬರುತ್ತಾಳೆ. ಬೀಗವನ್ನೇ ಹಾಕಿರಲಿಲ್ಲ.

ಎಲ್ಲರೂ ನಗುತ್ತಾರೆ, ನಗುವಿನಲ್ಲಿ ಸೂತ್ರ ಮನಸ್ಸಿಗೆ ಇಳಿದುಬಿಡುತ್ತದೆ. ಈಗ ಅದೇ ಸೂತ್ರ ಎಷ್ಟು ಕಡೆ ಬರುತ್ತದೆ ಎಣಿಸಿ. ಅದೇ ಕೋಣೆಯ ಗೋಡೆಯ ಮೇಲೆ ಸ್ಮಿತ್ ಕೆತ್ತುವ ಅಂಕೆಗಳು ನಾಲ್ಕೂವರೆ ಶತಮಾನ ಕಾದು ಕ್ಲಾರಾಳಿಗೆ ತಲುಪುತ್ತವೆ. ರೂಪ ಬದಲಿಸುವ ಅನ್ಯಗ್ರಹದ ಝೈಗಾನ್‌ಗಳು ಚಿತ್ರಪಟಗಳೊಳಗೆ ಅಡಗಿ ಅಷ್ಟೇ ಕಾಲ ಕಾಯುತ್ತಾರೆ. ಮೂವರು ಡಾಕ್ಟರ್‌ಗಳೂ ಆಮೇಲೆ ಅದೇ ಉಪಾಯದಿಂದ ಗ್ಯಾಲಿಫ್ರೇಯ ಚಿತ್ರಪಟದೊಳಗಿಂದ ಹೊರಬರುತ್ತಾರೆ. ಕೊನೆಗೆ ಗ್ಯಾಲಿಫ್ರೇ: ಇಡೀ ಗ್ರಹವನ್ನು ಕಾಲದಲ್ಲಿ ಹೆಪ್ಪುಗಟ್ಟಿಸುವ ಲೆಕ್ಕಕ್ಕೆ ನೂರಾರು ವರ್ಷ ಬೇಕು ಎಂದು ಸೇನಾಪತಿ ಹೇಳಿದಾಗ, ಮೊದಲ ಡಾಕ್ಟರ್ ಆಗಲೇ ಲೆಕ್ಕ ಶುರುಮಾಡಿದ್ದಾನೆ ಎಂದು ಗೊತ್ತಾಗುತ್ತದೆ. ಸೆರೆಕೋಣೆಯಲ್ಲಿ ಹಾಸ್ಯವಾಗಿ ಕಲಿಸಿದ್ದನ್ನು ಇಲ್ಲಿ ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಹದಿಮೂರು ಟಾರ್ಡಿಸ್‌ಗಳು ಬಂದಾಗ ನೋಡುವವನಿಗೆ ಲೆಕ್ಕ ತಾನಾಗಿ ಹೊಳೆಯುತ್ತದೆ. ಅಲ್ಲಿ ಕೇಳುವ ಮೊದಲ ಡಾಕ್ಟರ್‌ನ ದನಿ ಜಾನ್ ಗಿಲರ್ ಎಂಬ ಕಲಾವಿದರದ್ದು. ಉಳಿದ ಹಳಬರೆಲ್ಲ ಹಳೆಯ ತುಣುಕುಗಳಲ್ಲಿ ಬರುತ್ತಾರೆ. ಮುಂದಿನ ಡಾಕ್ಟರ್ ಆಗಲಿದ್ದ ಪೀಟರ್ ಕಪಾಲ್ಡಿ ಅವರದ್ದು ಕೈ ಮತ್ತು ಕಣ್ಣುಗಳು ಮಾತ್ರ.

ತ್ರೀಡಿಯನ್ನೂ ಈ ಸಲ ಕಥೆಗೆ ಕಟ್ಟಿದ್ದಾರೆ. ಗ್ಯಾಲಿಫ್ರೇಯ ಆ ಚಿತ್ರಪಟ ಹೆಪ್ಪುಗಟ್ಟಿದ ಒಂದು ಗಳಿಗೆ, ಆಳವಿರುವುದೇ ಅದರ ಗುಟ್ಟು. ಕನ್ನಡಕ ಹಾಕಿದವನಿಗೆ ಆ ಆಳ ಕಾಣುತ್ತದೆ, ಹಾಕದವನಿಗೆ ಅರ್ಥವಾಗುತ್ತದೆ. 1993ರಲ್ಲಿ ತ್ರೀಡಿ ಹೇಳಿದಂತೆ ಕಥೆ ಸುತ್ತಬೇಕಿತ್ತು.

ಇನ್ನೊಂದು ಸಂಖ್ಯೆ. ಆ ದಿನ ಗ್ಯಾಲಿಫ್ರೇಯಲ್ಲಿ ಮಕ್ಕಳು ಎಷ್ಟಿದ್ದರು ಎಂದು ಹರ್ಟ್ ಕೇಳುತ್ತಾರೆ. ಸ್ಮಿತ್ ಗೊತ್ತಿಲ್ಲ ಎನ್ನುತ್ತಾರೆ. ಟೆನೆಂಟ್ ಹೇಳುತ್ತಾರೆ: 247 ಕೋಟಿ. ಒಬ್ಬ ಎಣಿಸಿ ನೆನಪಿಟ್ಟವನು, ಇನ್ನೊಬ್ಬ ಮರೆಯಲು ಹೊರಟವನು, ಮೂರನೆಯವನು ಇನ್ನೂ ಮಾಡದ ಕೆಲಸದ ಫಲವನ್ನು ಎದುರಿಗೆ ನೋಡುತ್ತಿರುವವನು. ಹಲವು ಡಾಕ್ಟರ್‌ಗಳು ಸೇರುವ ಕಥೆಗಳಲ್ಲಿ ಪರಸ್ಪರ ಹಂಗಿಸುವ ಮಾತು ಯಾವಾಗಲೂ ಇರುತ್ತದೆ. ಒಬ್ಬ ಮನುಷ್ಯ ತನ್ನದೇ ಬೇರೆ ವಯಸ್ಸುಗಳ ಮುಂದೆ ಲೆಕ್ಕ ಒಪ್ಪಿಸುವುದು ಇಲ್ಲಿ ಮಾತ್ರ ಇದೆ. ಈ ಧಾರಾವಾಹಿಯ ಐವತ್ತು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ಕಾಣಲಿಲ್ಲ.

ಗ್ಯಾಲಿಫ್ರೇ ಸುಡದೆ ಉಳಿಯಿತೆಂದರೆ 2005ರಿಂದ ಬಂದ ಕಥೆಗಳೆಲ್ಲ ಸುಳ್ಳಾದವೇ ಎಂದು ಪ್ರತಿ ಚರ್ಚೆಯಲ್ಲೂ ಯಾರಾದರೂ ಕೇಳುತ್ತಾರೆ. ಇಲ್ಲ. ಕಾಲಧಾರೆಗಳು ಹೊಂದದ ಕಾರಣ ಹಿಂದಿನ ಡಾಕ್ಟರ್‌ಗಳಿಗೆ ಈ ಭೇಟಿ ನೆನಪಿರುವುದಿಲ್ಲ ಎಂದು ಕಂತೇ ಹೇಳುತ್ತದೆ. ಹರ್ಟ್ ಮತ್ತು ಟೆನೆಂಟ್ ಇಬ್ಬರೂ ಮರೆಯುತ್ತಾರೆ. ಎಕ್ಲ್‌ಸ್ಟನ್‌ನ ಡಾಕ್ಟರ್ ಗ್ರಹವನ್ನು ಸುಟ್ಟೆ ಎಂದೇ ನಂಬಿ ಅಲೆಯುತ್ತಾನೆ.

ಯಾರು ಎಷ್ಟನೇ ಡಾಕ್ಟರ್ ಎಂಬ ಎಣಿಕೆಯ ಜಗಳಕ್ಕೂ ಒಂದು ಮದ್ದಿದೆ. ಸಂಖ್ಯೆ ಬಿಟ್ಟು ನಟರ ಹೆಸರು ಹೇಳಿ. 1976ರ ಕಥೆಯೊಂದರಲ್ಲಿ ಟೈಮ್ ಲಾರ್ಡ್ ಹನ್ನೆರಡು ಸಲ ಮಾತ್ರ ಮೈ ಬದಲಿಸಬಹುದು ಎಂದು ಬಂತು. ಹಾರ್ಟ್ನೆಲ್‌ನಿಂದ 1996ರ ಚಿತ್ರದ ಡಾಕ್ಟರ್ ಪಾಲ್ ಮೆಗಾನ್‌ವರೆಗೆ ಏಳು ಬದಲಾವಣೆ. ಹರ್ಟ್ ಎಂಟು, ಎಕ್ಲ್‌ಸ್ಟನ್ ಒಂಬತ್ತು, ಟೆನೆಂಟ್ ಹತ್ತು. 2008ರಲ್ಲಿ ಟೆನೆಂಟ್ ಮುಖ ಬದಲಿಸದೆ ಒಂದನ್ನು ಖರ್ಚು ಮಾಡಿದರು, ಹನ್ನೊಂದು. ಸ್ಮಿತ್ ಹನ್ನೆರಡು, ಅಲ್ಲಿಗೆ ಖಾಲಿ. 2013ರ ಕ್ರಿಸ್‌ಮಸ್ ಕಂತಿನಲ್ಲಿ ಹೊಸ ಸರಣಿ ಸಿಕ್ಕಿತು. ಇದನ್ನು ಹಲಗೆಯ ಮೇಲೆ ಒಮ್ಮೆ ಬರೆದುಬಿಟ್ಟರೆ ಅರ್ಧ ಗಂಟೆ ಉಳಿಯುತ್ತದೆ.

2023ರದ್ದನ್ನು ಬೇಗ ಮುಗಿಸುತ್ತೇನೆ. ರಸೆಲ್ ಟಿ ಡೇವಿಸ್ ಬರೆದ ಮೂರು ಕಂತು, ನವೆಂಬರ್ 25, ಡಿಸೆಂಬರ್ 2 ಮತ್ತು 9. ಅವರು ತುಂಬಿದ ಗೈರುಹಾಜರಿ ಬೇರೆ ಬಗೆಯದು. ಮೂರನೆಯ ಕಂತಿನ ಖಳ ಟಾಯ್‌ಮೇಕರ್ 1966ರ ಕಥೆಯಿಂದ ಬಂದವನು. ಆ ಕಥೆಯ ನಾಲ್ಕು ಕಂತುಗಳಲ್ಲಿ ಉಳಿದಿರುವುದು ಕೊನೆಯದೊಂದೇ. ಬಿಬಿಸಿ ಆ ಕಾಲದಲ್ಲಿ ಟೇಪ್ ಅಳಿಸಿ ಮರುಬಳಸುತ್ತಿತ್ತು, ವಿದೇಶಕ್ಕೆ ಮಾರಲು ಮಾಡಿದ ಫಿಲ್ಮ್ ಪ್ರತಿಗಳನ್ನೂ ನಾಶ ಮಾಡುತ್ತಿತ್ತು. 2013ರಲ್ಲಿ ನೈಜೀರಿಯಾದಿಂದ ಒಂಬತ್ತು ಕಂತು ಸಿಕ್ಕಿದ ಮೇಲೂ ಇನ್ನೂ 97 ಸಿಗಬೇಕಿತ್ತು. ಎರಡನೆಯ ಕಂತಿನ ಕೊನೆಯಲ್ಲಿ ಗಾಲಿಕುರ್ಚಿಯಲ್ಲಿ ಮುದುಕ ವಿಲ್ಫ್ರೆಡ್ ಪಾತ್ರದ ಬರ್ನಾರ್ಡ್ ಕ್ರಿಬಿನ್ಸ್ ಕಾಣುತ್ತಾರೆ, ಒಂದೇ ದೃಶ್ಯ. 2022ರ ಜುಲೈನಲ್ಲಿ ಅವರು ತೀರಿಕೊಂಡರು. ಆ ಒಂದು ದೃಶ್ಯವನ್ನು ಉಳಿಸಿ, ಮುಂದಿನ ಕಂತಿನಲ್ಲಿ ಮುದುಕನನ್ನು ಸುರಕ್ಷಿತ ಜಾಗಕ್ಕೆ ಕಳಿಸಿದ್ದು, ಸಾಯಿಸದೆ ಬಿಟ್ಟದ್ದು ಸರಿಯಾದ ತೀರ್ಮಾನ.

ಒಂದೇ ಸಂಜೆಯಲ್ಲಿ ನೋಡಿ ಚರ್ಚಿಸುವವರಿಗೆ ನನ್ನ ಕ್ರಮ ಇದು. ಮೊದಲು 1963ರ ಮೊದಲ ಕಂತು, 25 ನಿಮಿಷ. ಆಮೇಲೆ 'ದಿ ನೇಮ್ ಆಫ್ ದಿ ಡಾಕ್ಟರ್'ನ ಕೊನೆಯ ಕೆಲವು ನಿಮಿಷ, ಹರ್ಟ್ ತಿರುಗಿ ನಿಲ್ಲುವಷ್ಟು. ನಂತರ ಏಳು ನಿಮಿಷದ 'ದಿ ನೈಟ್ ಆಫ್ ದಿ ಡಾಕ್ಟರ್', ಮೆಗಾನ್ ಹರ್ಟ್ ಆಗುವುದು ಅದರಲ್ಲೇ. ಹತ್ತು ನಿಮಿಷ ಬಿಡುವು, ಆಮೇಲೆ 'ದಿ ಡೇ ಆಫ್ ದಿ ಡಾಕ್ಟರ್' ನಡುವೆ ನಿಲ್ಲಿಸದೆ. ಸೆರೆಕೋಣೆಯಲ್ಲಿ ನಿಲ್ಲಿಸಿ ಸೂತ್ರ ವಿವರಿಸಲು ಹೋದರೆ ಕೊನೆಯ ಸಂತೋಷ ಕೆಡುತ್ತದೆ. ಮುಗಿದ ಮೇಲೆ ಆ ದೃಶ್ಯಕ್ಕೆ ಹಿಂದೆ ಹೋಗಿ. 1963ರ ಕಂತನ್ನು ಉದ್ದವಾಯಿತೆಂದು ಬಿಡಬೇಡಿ. 2013ರದ್ದು ಶುರುವಾಗುವುದು ಅದೇ ಕಪ್ಪುಬಿಳುಪಿನ ಹಳೆಯ ಶೀರ್ಷಿಕೆಯಿಂದ, ಅದೇ ಟಾಟರ್ಸ್ ಲೇನ್‌ನ ಫಲಕದ ಮುಂದೆ ಹಾದುಹೋಗುವ ಪೊಲೀಸನಿಂದ. ಕೋಲ್ ಹಿಲ್ ಶಾಲೆಯ ಫಲಕದಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷನ ಹೆಸರು ಐ. ಚೆಸ್ಟರ್ಟನ್ ಎಂದಿದೆ, ಮೊದಲ ಕಂತಿನ ಮೇಷ್ಟರು ಅವರೇ. ಕ್ಲಾರಾ ಬೈಕ್ ಹತ್ತಿ ಶಾಲೆಯಿಂದ ಹೊರಡುವಾಗ ಹಿಂದಿನ ಗಡಿಯಾರವನ್ನೂ ನೋಡಿ. 1963ರ ಆ ಶನಿವಾರ ಡಾಕ್ಟರ್ ಹೂ ಬರಬೇಕಾಗಿದ್ದದ್ದು ಸಂಜೆ 5:15ಕ್ಕೆ. ಹಿಂದಿನ ದಿನ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾಗಿತ್ತು, ಕಾರ್ಯಕ್ರಮ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ತಡವಾಗಿ ಶುರುವಾಯಿತು. ಗಡಿಯಾರದಲ್ಲಿ ಗಂಟೆ 5:16.